ಗುಂಪಿನಲ್ಲಿ ಬೇರೆಯವರ ಕಾಗುಣಿತ ತಿದ್ದಬಹುದೆ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ, ಶಿವಮೊಗ್ಗದಿಂದ:

ಕಳೆದ ತಿಂಗಳು ನಮ್ಮ ಸೋದರತ್ತೆ ತೀರಿಕೊಂಡರು. ನಲವತ್ತಕ್ಕೂ ಹೆಚ್ಚು ಜನರಿರುವ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ‘ಬಾವಪೂರ್ಣ ಶ್ರದ್ದಾಂಜಲಿ’ ಎಂದು ಬರೆದರು. ನಾನು ಅದರ ಕೆಳಗೆ ನಕ್ಷತ್ರದ ಗುರುತು ಹಾಕಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ತಿದ್ದಿದೆ. ಯಾರೂ ಏನೂ ಹೇಳಲಿಲ್ಲ, ಆದರೆ ಅಂದಿನಿಂದ ಚಿಕ್ಕಪ್ಪ ಗುಂಪಿನಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ಕನ್ನಡವನ್ನು ತಪ್ಪಾಗಿ ಬರೆದದ್ದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಾಗೆಂದು ಇನ್ನು ಮುಂದೆ ಕಂಡೂ ಕಾಣದಂತೆ ಇರಬೇಕೆ, ಅಥವಾ ತಿದ್ದುವುದಕ್ಕೆ ಬೇರೆ ದಾರಿ ಇದೆಯೆ? ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ:

ನಾನು 31 ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ತಪ್ಪು ಕಂಡಾಗ ಕೈ ತಾನಾಗಿಯೇ ಮುಂದಕ್ಕೆ ಹೋಗುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿದೆ. ಆದರೆ ಅಚ್ಚಿನ ಮನೆಯಲ್ಲಿ ಬರೆದವರು ತಮ್ಮ ಕರಡನ್ನು ತಾವಾಗಿಯೇ ನಮ್ಮ ಕೈಗೆ ಒಪ್ಪಿಸಿರುತ್ತಾರೆ, ನಾವು ಅಂಚಿನಲ್ಲಿ ಕೆಂಪು ಶಾಯಿಯಿಂದ ಹಾಕಿದ ಗುರುತು ಅಕ್ಷರ ಜೋಡಿಸುವವರನ್ನು ಬಿಟ್ಟರೆ ಮತ್ತಾರಿಗೂ ಕಾಣುವುದಿಲ್ಲ, ಮರುದಿನ ಓದುಗರ ಕೈಗೆ ಹೋಗುವುದು ತಿದ್ದಿದ ಪ್ರತಿ ಮಾತ್ರ. ಕುಟುಂಬದ ಗುಂಪಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅಲ್ಲಿ ತಪ್ಪೂ ಉಳಿಯುತ್ತದೆ, ಅದರ ಕೆಳಗೆ ತಿದ್ದುಪಡಿಯೂ ಉಳಿಯುತ್ತದೆ, ಎರಡನ್ನೂ ನಲವತ್ತು ಜನ ನೋಡುತ್ತಾರೆ.

ಇದು ನನಗೆ ತಿಳಿದದ್ದು ತಡವಾಗಿ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ಅಕ್ಕ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು. 66ನೇ ವಯಸ್ಸಿನಲ್ಲಿ ಮೊಮ್ಮಗಳಿಂದ ಫೋನಿನಲ್ಲಿ ಬರೆಯುವುದನ್ನು ಕಲಿತು, ‘ಅಟ್ಟಿ ಮುಂದೆ ನೀನು ತಂದ ಗಿಡದಲ್ಲಿ ಊವು ಬಿಟ್ಟದೆ’ ಎಂದು ನನಗೆ ಬರೆದರು. ಅದು ಅವರು ನನಗೆ ಬರೆದ ಮೊದಲ ಸಾಲು. ನಾನು ‘ಹಟ್ಟಿ, ಹೂವು’ ಎಂದಷ್ಟೇ ಉತ್ತರಿಸಿದೆ. ಯಾವ ಗಿಡವೆಂದೂ ಕೇಳಲಿಲ್ಲ. ಆಮೇಲೆ ಅವರಿಂದ ಬಂದದ್ದು ಶುಭೋದಯದ ಚಿತ್ರಗಳು ಮಾತ್ರ. ಮರುವರ್ಷ ಊರಿಗೆ ಹೋದಾಗ ಅದು ಸಂಪಿಗೆ ಗಿಡವೆಂದು ನೋಡಿ ತಿಳಿದುಕೊಂಡೆ.

ಅಕ್ಕನ ‘ಊವು’ ಅಜ್ಞಾನದಿಂದ ಬಂದದ್ದೆಂದು ಆಗ ನಾನು ತಿಳಿದಿದ್ದೆ. ಹಳಗನ್ನಡದಲ್ಲಿ ಆ ಪದ ‘ಪೂ’ ಎಂದಿತ್ತು, ಹಾಲು ‘ಪಾಲ್’ ಎಂದಿತ್ತು, ಹಳ್ಳಿ ‘ಪಳ್ಳಿ’ ಎಂದಿತ್ತು. ಪಕಾರ ಹಕಾರವಾಯಿತು, ಹಳೇ ಮೈಸೂರಿನ ಎಷ್ಟೋ ಜನರ ಬಾಯಲ್ಲಿ ಆ ಹಕಾರವೂ ಬಿದ್ದುಹೋಯಿತು. ಅಕ್ಕ ಬರೆದದ್ದು ತಾವು ಆಡುವ ಮಾತನ್ನೇ. ನಿಮ್ಮ ಚಿಕ್ಕಪ್ಪನವರ ಎರಡು ತಪ್ಪುಗಳೂ ಮಹಾಪ್ರಾಣಕ್ಕೆ ಸಂಬಂಧಿಸಿದವು. ಮಹಾಪ್ರಾಣಾಕ್ಷರಗಳು ಕನ್ನಡಕ್ಕೆ ಬಹುಮಟ್ಟಿಗೆ ಸಂಸ್ಕೃತ ಪದಗಳ ಜೊತೆಯಲ್ಲಿ ಬಂದವು, ದಿನನಿತ್ಯದ ಮಾತಿನಲ್ಲಿ ಬಹಳ ಜನ ಅವನ್ನು ಉಚ್ಚರಿಸುವುದಿಲ್ಲ, ಹೀಗಾಗಿ ಕಿವಿಯನ್ನು ನಂಬಿ ಬರೆಯುವವರು ತಪ್ಪುವುದು ಅಲ್ಲಿಯೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರವಣಿಗೆಯಿಂದಲೂ ಮಹಾಪ್ರಾಣಗಳನ್ನು ಕೈಬಿಡಬಹುದೆಂದು ವಾದಿಸಿದರು. ನಾನು ಅದನ್ನು ಒಪ್ಪುವವನಲ್ಲ. ಇಷ್ಟು ಕಾಲ ಅಚ್ಚಾದ ಬರಹದೊಂದಿಗೆ ಮುಂದಿನವರ ಸಂಬಂಧ ಕಡಿದುಹೋಗುತ್ತದೆಂಬ ಚಿಂತೆ ನನ್ನದು. ಆದರೂ ಒಂದು ಒತ್ತಕ್ಷರ ತಪ್ಪಿದರೆ ಕನ್ನಡಕ್ಕೆ ಕುತ್ತು ಬಂದಿತೆಂದು ಈಗ ನನಗೆ ಅನ್ನಿಸುವುದಿಲ್ಲ.

ನಾನು ಈಗ ಅನುಸರಿಸುವ ರೀತಿ ಹೀಗಿದೆ. ಯಾರಾದರೂ ಸಾವು, ಕಾಯಿಲೆ, ಹುಟ್ಟು, ಮದುವೆಯ ವಿಷಯ ಬರೆದಾಗ ಅವರ ಕಾಗುಣಿತದ ಮಾತೆತ್ತುವುದಿಲ್ಲ, ಏಕಾಂತದಲ್ಲಿಯೂ ಎತ್ತುವುದಿಲ್ಲ. ನನಗಿಂತ ಕಡಿಮೆ ಓದಿದವರನ್ನು ಅವರೇ ಕೇಳದೆ ತಿದ್ದುವುದಿಲ್ಲ. ನೀವು ಚಿಕ್ಕಪ್ಪನವರಿಗೆ ಫೋನ್ ಮಾಡಿ, ಆದರೆ ಶ್ರದ್ಧಾಂಜಲಿಯ ಧಕಾರದ ಬಗ್ಗೆ ಮಾತನಾಡಬೇಡಿ. ತೀರಿಹೋದದ್ದು ಅವರ ಒಡಹುಟ್ಟಿದ ಅಕ್ಕ.

ವಿಜಯಪುರದಿಂದ:

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮೇಲಿನ ಹಿರಿಯರ ಮಾತಿಗೆ ಎರಡು ವಿಷಯಗಳನ್ನು ಸೇರಿಸಬೇಕೆನ್ನಿಸಿತು.

ಮೊದಲನೆಯದು, ತಪ್ಪಲ್ಲದ್ದನ್ನು ತಿದ್ದುವವರು ಬಹಳ ಜನರಿದ್ದಾರೆ. ತರಬೇತಿಯಲ್ಲಿ ಜೊತೆಗಿದ್ದವರ ಗುಂಪಿನಲ್ಲಿ ನಾನು ಒಂದು ಸಂಜೆ ‘ಮನೀಗೆ ಹೊಂಟೀನ್ರಿ’ ಎಂದು ಬರೆದಾಗ, ಬೇರೆ ಜಿಲ್ಲೆಯ ಶಿಕ್ಷಕರೊಬ್ಬರು ‘ಮನೆಗೆ ಹೊರಟಿದ್ದೇನೆ ಎಂದು ಬರೆಯಿರಿ ಮೇಡಂ, ನಾವು ಕನ್ನಡ ಶಿಕ್ಷಕರು’ ಎಂದರು. ತರಗತಿಯಲ್ಲಿ, ಉತ್ತರ ಪತ್ರಿಕೆಯಲ್ಲಿ ನಾನು ಬಳಸುವ ಕನ್ನಡ ಬೇರೆ, ನನ್ನ ತಾಯಿಯಿಂದ ಕಲಿತ ಕನ್ನಡ ಬೇರೆ, ಎರಡಕ್ಕೂ ಅವುಗಳದೇ ವ್ಯಾಕರಣವಿದೆ. ಕುಂದಾಪುರದವರ ಮಾತನ್ನಾಗಲಿ ನಮ್ಮ ಭಾಗದ ಮಾತನ್ನಾಗಲಿ ಕೆಟ್ಟ ಕನ್ನಡವೆಂದು ತಿದ್ದಿದರೆ ಅದು ಆ ಊರನ್ನೇ ಹೀಗಳೆದಂತೆ ಕೇಳಿಸುತ್ತದೆ. ನನಗಂತೂ ಹಾಗೆಯೇ ಕೇಳಿಸಿತು.

ಎರಡನೆಯದು, ತಿದ್ದುವವರು ತಾವೇ ಸರಿಯಾಗಿರುವುದಿಲ್ಲ. ನಾನು ‘ಕೋಟ್ಯಂತರ’ ಎಂದು ಬರೆದದ್ದನ್ನು ‘ಕೋಟ್ಯಾಂತರ’ ಎಂದು ತಿದ್ದಿದವರಿದ್ದಾರೆ. ಲಕ್ಷ ಮತ್ತು ಅಂತರ ಸೇರಿದರೆ ಸವರ್ಣದೀರ್ಘ ಸಂಧಿಯಿಂದ ಲಕ್ಷಾಂತರವಾಗುತ್ತದೆ. ಕೋಟಿ ಮತ್ತು ಅಂತರ ಸೇರಿದಾಗ ಆಗುವುದು ಯಣ್ ಸಂಧಿ, ಅಲ್ಲಿ ದೀರ್ಘಕ್ಕೆ ಅವಕಾಶವಿಲ್ಲ. ಲಕ್ಷಾಂತರವನ್ನು ಕೇಳಿ ಕೇಳಿ ಕೋಟಿಗೂ ದೀರ್ಘ ಎಳೆಯುವುದು ರೂಢಿಯಾಗಿದೆ. ಹಾಗೆಯೇ ‘ಕೂಲಂಕಷ’ವನ್ನು ‘ಕೂಲಂಕುಷ’ ಮಾಡುವವರೂ ಇದ್ದಾರೆ. ಕೂಲವೆಂದರೆ ದಡ, ದಡವನ್ನು ಉಜ್ಜಿಕೊಂಡು ಹರಿಯುವ ಹೊಳೆಯ ಚಿತ್ರ ಆ ಪದದೊಳಗಿದೆ, ಅಲ್ಲಿ ಅಂಕುಶಕ್ಕೆ ಕೆಲಸವಿಲ್ಲ. ಇಂಥದ್ದನ್ನು ಹೇಳುವುದೆಂದರೆ ನನಗೆ ಬಹಳ ಸಂತೋಷ, ಆದರೆ ಕೇಳುವವರಿಗೆ ಆಸೆಯಿರಬೇಕು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಪದಗಳ ಸಂದೇಹ ಪರಿಹರಿಸಿದರು. ಜನ ತಾವಾಗಿಯೇ ಪತ್ರ ಬರೆದು ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ನನ್ನ ಗುಂಪುಗಳಲ್ಲಿ ಈಗ ನಾನು ಯಾರನ್ನೂ ತಿದ್ದುವುದಿಲ್ಲ, ವಾರಕ್ಕೊಮ್ಮೆ ಒಂದು ಪದದ ಹುಟ್ಟನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತೇನೆ. ‘ಹಾರ್ದಿಕ’ ಪದವು ಹೃದಯಕ್ಕೆ ಸಂಬಂಧಿಸಿದ್ದು, ಆದ್ದರಿಂದ ಅಲ್ಲಿ ದಕಾರವೇ ಸರಿ ಎಂದು ಬರೆದ ಮೇಲೆ, ‘ಹಾರ್ಧಿಕ ಶುಭಾಶಯ’ ಎನ್ನುತ್ತಿದ್ದ ಮೂವರು ತಾವಾಗಿಯೇ ಬದಲಾಯಿಸಿಕೊಂಡರು.

ನ್ಯೂಜೆರ್ಸಿಯಿಂದ:

ಇಲ್ಲಿ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರಲ್ಲಿ ನಾನೂ ಒಬ್ಬಳು. ನನ್ನ ಮಗಳು ಹತ್ತು ವರ್ಷದವಳಿದ್ದಾಗ ತುಮಕೂರಿನ ಅಜ್ಜಿಗೆ, ‘ಅಜ್ಜಿ ಇವತ್ತು ನಾನು ಕೆಂಪು ಅಕ್ಕಿ ನೋಡಿದೆ’ ಎಂದು ಬರೆದಳು. ಹಿತ್ತಲಿಗೆ ಬಂದಿದ್ದ ಕಾರ್ಡಿನಲ್ ಎಂಬ ಕೆಂಪು ಹಕ್ಕಿಯ ಚಿತ್ರವನ್ನೂ ಕಳುಹಿಸಿದ್ದಳು. ತಿದ್ದಬೇಕೆಂದು ನಾನು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ನಮ್ಮ ಅತ್ತೆಯವರ ಉತ್ತರ ಬಂದಿತ್ತು: ‘ಎಷ್ಟು ಚೆನ್ನಾಗಿದೆ ಕಂದ ಈ ಹಕ್ಕಿ! ಹಕ್ಕಿ ಏನು ತಿನ್ನುತ್ತಿತ್ತು?’ ಮಗಳು ‘ಹಕ್ಕಿ ಕಾಳು ತಿಂತು’ ಎಂದು ಬರೆದಳು. ಅತ್ತೆಯವರು ಅದರ ಬಗ್ಗೆ ಅಂದೂ ಏನೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ನಾನು ಈಗ ತರಗತಿಯಲ್ಲಿಯೂ ಹೀಗೆಯೇ ಮಾಡುತ್ತೇನೆ. ಸರಿಯಾದ ರೂಪವನ್ನು ನನ್ನ ಉತ್ತರದೊಳಗೆ ಸೇರಿಸಿ ಬರೆಯುತ್ತೇನೆ.

ಹುಬ್ಬಳ್ಳಿಯಿಂದ:

ಎಲ್ಲರೂ ತಿದ್ದಬೇಡಿ ಎನ್ನುತ್ತಿದ್ದೀರಿ. ನನ್ನದು ಲಗ್ನಪತ್ರಿಕೆ ಅಚ್ಚು ಮಾಡುವ ಅಂಗಡಿ, ಆದ್ದರಿಂದ ಇನ್ನೊಂದು ಪಕ್ಷವನ್ನೂ ಹೇಳಬೇಕಾಗಿದೆ. ಮಗಳ ಮದುವೆಯ ಪತ್ರಿಕೆಯ ಕರಡನ್ನು ಕುಟುಂಬದ ಗುಂಪಿನಲ್ಲಿ ಹಾಕಿ, ಎಲ್ಲರಿಂದ ಹೂವಿನ ಚಿತ್ರಗಳನ್ನು ಪಡೆದು, ‘ಆಯ್ತು, ಅಚ್ಚು ಹಾಕಿ’ ಎಂದು ನನಗೆ ಕಳುಹಿಸುತ್ತಾರೆ. 500 ಪ್ರತಿ ಅಚ್ಚಾದ ನಂತರ ‘ಮುಹೂರ್ತ’ ಎಂಬುದು ‘ಮೂಹರ್ತ’ ಆಗಿದೆಯೆಂದು ಯಾರೋ ತೋರಿಸುತ್ತಾರೆ. ಗುಂಪಿನಲ್ಲಿ ಅದನ್ನು ಗಮನಿಸಿ ಸಂಕೋಚದಿಂದ ಸುಮ್ಮನಿದ್ದವರು ಇದ್ದೇ ಇರುತ್ತಾರೆ. ಅಚ್ಚಿಗೆ ಹೋಗುವುದನ್ನು, ಜನರ ಹೆಸರನ್ನು, ಔಷಧದ ಹೆಸರನ್ನು, ದಿನಾಂಕವನ್ನು ತಕ್ಷಣ ತಿದ್ದಿಸಿ, ಆದರೆ ಅವರೊಬ್ಬರಿಗೇ ಫೋನ್ ಮಾಡಿ ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಲು ಅವಕಾಶವಿದೆ. ಬೇಗ ಹೇಳಿದರೆ ಅವರೇ ಸರಿಪಡಿಸಿಕೊಳ್ಳುತ್ತಾರೆ, ನೀವು ಹೇಳಿದಿರೆಂದು ಗುಂಪಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವನಿಂದ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮೈಸೂರಿನವರು ಹೇಳಿದಂತೆ ಕಾಗುಣಿತದ ಮಾತೆತ್ತಲಿಲ್ಲ, ಅತ್ತೆಯ ಬಗ್ಗೆ ಕೇಳಿದೆ. ಶಾಲೆಗೆ ಹೋಗುವಾಗ ಹಳ್ಳ ಬಂದರೆ ತಮ್ಮನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದರೆಂದು ಮುಕ್ಕಾಲು ಗಂಟೆ ಮಾತನಾಡಿದರು. ಕೊನೆಗೆ ಅವರೇ, ಅಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಕನ್ನಡಕವಿಲ್ಲದೆ, ಕೀಲಿಮಣೆ ತೋರಿಸಿದ ಪದವನ್ನು ಒತ್ತಿ ಕಳುಹಿಸಿದ್ದಾಗಿ ಹೇಳಿದರು. ನಾನು ಕ್ಷಮೆ ಕೇಳಿದೆ. ನನ್ನ ತಿದ್ದುಪಡಿಯನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅವಧಿ ಮುಗಿದಿದೆ, ಅದು ಅಲ್ಲಿಯೇ ಇದೆ. ಗುಂಪಿನಲ್ಲಿ ಅವರು ಇನ್ನೂ ಏನನ್ನೂ ಬರೆದಿಲ್ಲ.