ಅಪ್‌ಡೇಟ್: ಕಾಣೆಯಾಗಿದ್ದ ವೋಲ್ಟೇಜಿನ ಲೆಕ್ಕ ಸಿಕ್ಕಿತು

9 ವೋಲ್ಟ್ ಬ್ಯಾಟರಿಗೆ 1 ಮೆಗಾಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದೊಂದರ ಮೇಲೂ 4.5 ವೋಲ್ಟ್ ಬರಬೇಕಲ್ಲವೇ, ಮಲ್ಟಿಮೀಟರ್ 4.3ರ ಆಸುಪಾಸಿನಲ್ಲೇ ನಿಲ್ಲುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಮೀಟರಿನ ಒಳರೋಧವನ್ನು, ಅಂದರೆ ಮೀಟರಿಗೇ ಇರುವ ರೋಧವನ್ನು ನೋಡಿ ಎಂದವರ ಮಾತೇ ಸರಿ.

ನನ್ನ ಡಿಜಿಟಲ್ ಮೀಟರಿನ ಕೈಪಿಡಿಯಲ್ಲಿ ಅದು 10 ಮೆಗಾಓಮ್ ಎಂದಿದೆ. ಕಡ್ಡಿಗಳನ್ನು ಒಂದು ರೋಧಕಕ್ಕೆ ತಾಗಿಸಿದ ಕೂಡಲೇ ಮೀಟರ್ ಅದಕ್ಕೆ ಸಮಾಂತರವಾಗಿ ಸೇರಿಕೊಳ್ಳುತ್ತದೆ; ಅಲ್ಲಿನ ರೋಧ 0.909 ಮೆಗಾಓಮ್‌ಗೆ ಇಳಿಯುತ್ತದೆ. ಲೆಕ್ಕ ಹಾಕಿದರೆ 4.29 ವೋಲ್ಟ್! ಅದೇ ಹೊತ್ತಿನಲ್ಲಿ ಇನ್ನೊಂದರ ಮೇಲೆ 4.71 ವೋಲ್ಟ್ ಇರುತ್ತದೆ. ಎರಡೂ ಸೇರಿ ಬ್ಯಾಟರಿಯ 9 ವೋಲ್ಟೇ ಆಗಬೇಕೆನ್ನುವ ಕಿರ್ಚಾಫ್ ನಿಯಮಕ್ಕೆ ಒಂದಿಷ್ಟೂ ಭಂಗವಿಲ್ಲ.

ಮೀಟರಿನ ಒಳರೋಧದ ಮುಂದೆ ತೀರಾ ಚಿಕ್ಕದಾದ 1 ಕಿಲೋಓಮ್‌ನ ರೋಧಕಗಳನ್ನು ಹಾಕಿದಾಗ ಎರಡೂ ಕಡೆ 4.5 ಬಂತು. ಪ್ರಯೋಗಾಲಯದ ಹಳೆಯ ಮುಳ್ಳಿನ ಮೀಟರ್ ವೋಲ್ಟಿಗೆ 20 ಕಿಲೋಓಮ್‌ನದು. ಅದನ್ನು 10 ವೋಲ್ಟ್ ಶ್ರೇಣಿಯಲ್ಲಿಟ್ಟರೆ ಒಳರೋಧ 200 ಕಿಲೋಓಮ್ ಮಾತ್ರ; ಹಾಗೆ ಮೆಗಾಓಮ್ ರೋಧಕಕ್ಕೆ ಹಿಡಿದರೆ ಮುಳ್ಳು 1.3 ದಾಟಲೇ ಇಲ್ಲ. ಇಷ್ಟು ದೊಡ್ಡ ವಿಷಯವನ್ನು ಆದರ್ಶ ವೋಲ್ಟ್‌ಮೀಟರ್ (ಒಳರೋಧ ಅನಂತ, ಪ್ರವಾಹ ಎಳೆಯದು) ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅನಿಸಿಕೆ.

ಗೊತ್ತಿರುವ ವೋಲ್ಟೇಜಿಗೆ ಸರಿದೂಗಿಸಿ ಅಳೆಯುವ, ಸರಿದೂಗಿದಾಗ ನಾವು ಅಳೆಯುತ್ತಿರುವ ಮಂಡಲದಿಂದ ಪ್ರವಾಹವನ್ನೇ ಎಳೆಯದ ಪೊಟೆನ್ಶಿಯೋಮೀಟರಿನಿಂದ ಇದನ್ನೇ ಮತ್ತೊಮ್ಮೆ ಅಳೆಯಲಿದ್ದೇನೆ.