ಲಕ್ಸರ್ ಗ್ರಹಣಕ್ಕೆ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಬಹುದಾ? ನೋಡಿದವರು ಹೇಳಿ

ಕೇಳಿದವರು: 2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗುವ ಯೋಚನೆ ಇದೆ. ಜೊತೆಗೆ 68 ವರ್ಷದ ಅಮ್ಮ, 7 ವರ್ಷದ ಮಗಳು. ಅಮ್ಮನಿಗೆ ಮೊಣಕಾಲು ನೋವು. ಬಿಸಿಲು, ಕಣ್ಣಿನ ಜಾಗ್ರತೆ ಬಗ್ಗೆ ಅನುಭವ ಇದ್ದವರು ತಿಳಿಸಿ.

ಮೋಡಪ್ಪ: ನಾನು 2009ರ ಜುಲೈ 22ಕ್ಕೆ ಬಿಹಾರದ ತಾರೇಗ್ನಾಕ್ಕೆ ಹೋದವನು. ಬೆಂಗಳೂರಿನಿಂದ ಪಟ್ನಾಕ್ಕೆ ರೈಲಿನಲ್ಲಿ ಎರಡು ರಾತ್ರಿ, ಒಂದೇ ಬರ್ತಿನಲ್ಲಿ ಇಬ್ಬರು. ಲಾಡ್ಜಿಗೆ 1,800, ಜೀಪಿಗೆ 2,200. ಬಾಡಿಗೆಗೆ ತಂದ ಟ್ರೈಪಾಡಿನ ಕಾಲು ಮುರಿದು 900 ದಂಡ. ಬೆಳಿಗ್ಗೆ ಆರೂಕಾಲಿಗೆ ತಲೆ ಎತ್ತಿದರೆ ಬರೀ ಮೋಡ. ಗಪ್ಪನೆ ಕತ್ತಲಾಯಿತು, ಜನ ಹೋ ಎಂದರು. ಮೂರೂವರೆ ನಿಮಿಷ ನಾನು ಮೋಡ ನೋಡಿದೆ. ವಾರಾಣಸಿಗೆ ಹೋದ ನನ್ನ ತಮ್ಮ ಪೂರ್ತಿ ನೋಡಿ ಬಂದ. ಇವತ್ತಿಗೂ ಹಬ್ಬದೂಟಕ್ಕೆ ಕೂತಾಗ ಆ ಮಾತು ತೆಗೆಯುತ್ತಾನೆ.

ಹ್ಯೂಸ್ಟನ್ ಅಕ್ಕ: 2024ರ ಏಪ್ರಿಲ್ 8ರಂದು ನಮ್ಮ ಹಿತ್ತಲಲ್ಲೇ ಶೇ. 94 ಮುಚ್ಚುತ್ತಿತ್ತು. ಯಜಮಾನರು ಇಷ್ಟೇ ಸಾಕು ಎಂದರು. ನಾನು ಹಟ ಮಾಡಿ ಸೂರ್ಯ ಪೂರ್ತಿ ಮುಚ್ಚುವ ಕೆರ್‌ವಿಲ್‌ಗೆ ಹೊರಡಿಸಿದೆ. ಹೋಟೆಲಿಗೆ 840 ಡಾಲರ್, ಯಾರದೋ ಹೊಲದಲ್ಲಿ ಕಾರು ನಿಲ್ಲಿಸಲು 60. ವಾಪಸ್ಸು ಬರಲು ಒಂಬತ್ತು ಗಂಟೆ! ಅಲ್ಲೂ ಮೋಡ. ಆದರೆ ನಡುವೆ ಒಂದು ಕಿಂಡಿ ತೆರೆಯಿತು. ಕಪ್ಪು ಬಿಲ್ಲೆ, ಸುತ್ತ ನರೆಗೂದಲಿನಂಥ ಕರೋನಾ ಎಂಬ ಸೂರ್ಯನ ಹೊರಪ್ರಭೆ, ಕೆಳಗಿನ ಅಂಚಲ್ಲಿ ಗುಲಾಬಿ ಚುಕ್ಕೆ. ಸಿಕ್ಕಿದ್ದು ಇಪ್ಪತ್ತು ಸೆಕೆಂಡು. ನಾನು ಅತ್ತೆ. ಶೇ. 94 ನೋಡುವುದೆಂದರೆ ಛತ್ರದ ಹೊರಗೆ ನಿಂತು ಓಲಗ ಕೇಳಿದ ಹಾಗೆ.

ಕುಟ್ಟದವ: ಇಷ್ಟೆಲ್ಲ ಖರ್ಚು ಯಾಕೆ? 2019ರ ಡಿಸೆಂಬರ್ 26ರಂದು ನಮ್ಮ ಕೊಡಗಿನಲ್ಲೇ ಪುಕ್ಕಟೆ ನೋಡಿದೆ. ಸೂರ್ಯ ಬಳೆಯಂತಾದಾಗ ಕನ್ನಡಕ ತೆಗೆದು ನೋಡಿದವರೂ ಇದ್ದರು. ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ಎಡಗಣ್ಣು: ಅದು ಕಂಕಣ ಗ್ರಹಣ ಮಾರಾಯ್ರೆ, ಸೂರ್ಯನ ಅಂಚು ಉರಿಯುತ್ತಲೇ ಇರುತ್ತೆ! ಅದರಲ್ಲಿ ಒಂದು ಕ್ಷಣವೂ ಕನ್ನಡಕ ತೆಗೆಯುವ ಹಾಗಿಲ್ಲ. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದಾಗ ಮಾತ್ರ ತೆಗೆಯಬೇಕು, ಅಂಚಿನ ಮೊದಲ ಬೆಳಕು ವಜ್ರದುಂಗುರದಂತೆ ಮತ್ತೆ ಮಿನುಗುವಷ್ಟರಲ್ಲಿ ಹಾಕಬೇಕು. ನಾನು 1999ರ ಆಗಸ್ಟ್ 11ರ ಸಂಜೆ ಅಪ್ಪನ ಎದೆಯ ಎಕ್ಸ್‌ರೇ ಹಿಡಿದು ನೋಡಿದವನು. ನೋವೇ ಆಗಲಿಲ್ಲ. ಕಣ್ಣೊಳಗಿನ ಪರದೆ, ರೆಟಿನಾ, ಸುಟ್ಟರೂ ಗೊತ್ತಾಗುವುದಿಲ್ಲ. ಮರುದಿನ ಶಾಲೆಯಲ್ಲಿ ಬೋರ್ಡಿನ ಅಕ್ಷರಗಳ ನಡುವೆ ತೂತು. ಅದು ಇವತ್ತಿಗೂ ಮುಚ್ಚಿಲ್ಲ. ಬೇಕಾದ್ದು ಸೂರ್ಯನನ್ನು ನೋಡುವ ಕನ್ನಡಕದ ಅಂತರರಾಷ್ಟ್ರೀಯ ಗುಣಮಟ್ಟ ಐಎಸ್‌ಒ 12312-2 ಎಂದಿರುವ ಕನ್ನಡಕ, ಅದರಲ್ಲೂ ಗೀರು ಇಲ್ಲದ್ದು. ಅದನ್ನು ಹಾಕಿಕೊಂಡು ಬೈನಾಕ್ಯುಲರ್‌ಗೆ ಕಣ್ಣಿಟ್ಟರೆ ಕನ್ನಡಕವೂ ಹೋಯಿತು, ಕಣ್ಣೂ ಹೋಯಿತು. ಅದಕ್ಕೆ ಮುಂದಿನ ಲೆನ್ಸಿಗೇ ಫಿಲ್ಟರ್ ಬೇಕು.

ಕುಟ್ಟದವ: ನಿಮ್ಮ ಕಣ್ಣಿನ ಸಿಟ್ಟು ನನ್ನ ಮೇಲೆ ಯಾಕೆ? ನಾನು ನೋಡಿದ್ದು ವೆಲ್ಡಿಂಗ್ ಗಾಜಿನಲ್ಲಿ.

ಎಡಗಣ್ಣು: ಗಾಜಿನ ಕಪ್ಪು ಎಷ್ಟು ಗಾಢ ಎನ್ನುವ ನಂಬರ್ ಎಷ್ಟು? 14 ಇದ್ದರೆ ಸರಿ. ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು 10, 11.

ಕುಟ್ಟದವ: ನಂಬರ್ ಯಾರು ನೋಡ್ತಾರೆ?

ಎಡಗಣ್ಣು: ಅದೇ ನಾನು ಹೇಳಿದ್ದು.

ಗದಗಿನ ಶಿಕ್ಷಕಿ: ನೀವೆಲ್ಲ ಹೊರಗಾದರೂ ನಿಂತಿದ್ದಿರಿ. 1980ರ ಫೆಬ್ರವರಿ 16ರಂದು ಖಗ್ರಾಸ ನಮ್ಮ ಮನೆ ಮೇಲೇ ಬಂದಿತ್ತು. ನನಗೆ ಹನ್ನೊಂದು ವರ್ಷ. ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡಿತ್ತು. ಅಜ್ಜಿ ನೀರಿನ ಕೊಡಕ್ಕೆ ದರ್ಭೆ ಹಾಕಿ ನನ್ನನ್ನು ಒಳಗೆ ಕೂಡಿಸಿದಳು. ಹಂಚಿನ ಸಂದಿಯಿಂದ ನೆಲದ ಮೇಲೆ ಕುಡುಗೋಲಿನ ಆಕಾರದ ಬೆಳಕು ಬಿದ್ದಿತ್ತು. ತೆಳ್ಳಗಾಗುತ್ತಾ ಹೋಗಿ ಆರಿತು. ನನಗೆ ಸಿಕ್ಕ ಗ್ರಹಣ ಅಷ್ಟೇ. ಭಾರತದಲ್ಲಿ ಮುಂದಿನ ಖಗ್ರಾಸ 2034ರ ಮಾರ್ಚ್ 20ಕ್ಕೆ, ಕಾರ್ಗಿಲ್ ಕಡೆ. ಆಗ ನನಗೆ 65.

ಸಂಪ್ರದಾಯಸ್ಥ: ದರ್ಭೆಯನ್ನು ಹೀಗಳೆಯಬೇಡಿ. ಹಿರಿಯರು ಗ್ರಹಣಕಾಲದಲ್ಲಿ ಊಟ ಬೇಡ ಎಂದದ್ದು ಸುಮ್ನೆ ಅಲ್ಲ.

ಹ್ಯೂಸ್ಟನ್ ಅಕ್ಕ: ನಾವು ಹೊಲದಲ್ಲಿ ಚಿತ್ರಾನ್ನ ತಿಂದುಕೊಂಡೇ ನೋಡಿದೆವು.

ಸಂಪ್ರದಾಯಸ್ಥ: ಅದಕ್ಕೇ ಮೋಡ ಬಂದದ್ದು.

ಮೋಡಪ್ಪ: ಸ್ವಾಮಿ, ನಾನು ಹಿಂದಿನ ರಾತ್ರಿಯಿಂದ ಉಪವಾಸ ಇದ್ದೆ!

ಕೇಳಿದವರು: ಅಮ್ಮನ ಮೊಣಕಾಲು?

ಮೋಡಪ್ಪ: ಲಕ್ಸರ್‌ನಲ್ಲಿ ಆಗಸ್ಟ್ ತಿಂಗಳು ಮೋಡದ ಭಯವಿಲ್ಲ. ಬಿಸಿಲು ಮಾತ್ರ 40 ಡಿಗ್ರಿ ದಾಟುತ್ತೆ. ಗ್ರಹಣ ಮಧ್ಯಾಹ್ನ ಒಂದರ ಸುಮಾರಿಗೆ, ಸೂರ್ಯ ನೆತ್ತಿ ಮೇಲೆ. ಅಮ್ಮನಿಗೆ ಒರಗುವ ಕುರ್ಚಿ, ನೆರಳು ಇರುವ ಜಾಗ ನೋಡಿ. ಪೂರ್ತಿ ಕತ್ತಲು ಆರು ನಿಮಿಷಕ್ಕೂ ಜಾಸ್ತಿ. ನನ್ನ ತಮ್ಮ ಆಗಲೇ ಟಿಕೆಟ್ ಮಾಡಿಸಿದ್ದಾನಂತೆ. ನನಗೆ ಒಂದು ಮಾತೂ ಹೇಳಿಲ್ಲ.