ಮೆಟ್‌ಫಾರ್ಮಿನ್ ಎಕ್ಸ್‌ಆರ್: ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಔಷಧ ಹೊರಗೆ, ತಡೆಯುವುದು ಹೇಗೆ?

ಹಾಸನ_ಎಂಫಾರ್ಮ್: ನಮಸ್ಕಾರ. ಹಾಸನದಲ್ಲಿ ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಮಾಡುತ್ತಿರುವ, ಔಷಧವನ್ನು ನಿಧಾನವಾಗಿ ಬಿಡುವ (ಎಕ್ಸ್‌ಆರ್) ಮಧುಮೇಹದ ಮಾತ್ರೆ ಇದು. ಒಟ್ಟು ತೂಕ 750 ಮಿ.ಗ್ರಾಂ: ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ 500, ಎಚ್‌ಪಿಎಂಸಿ ಕೆ100ಎಂ (ಬಿಡುಗಡೆ ನಿಧಾನಗೊಳಿಸುವ ಪಾಲಿಮರ್) 150, ಲ್ಯಾಕ್ಟೋಸ್ 65, ಪಿವಿಪಿ ಕೆ30 (ಅಂಟು) 25, ಏರೋಸಿಲ್ (ಪುಡಿ ಸರಾಗ ಹರಿಯಲು) 2.5, ಮೆಗ್ನೀಸಿಯಂ ಸ್ಟಿಯರೇಟ್ (ಅಚ್ಚಿಗೆ ಅಂಟದಿರಲು) 7.5. ಕೊನೆಯ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಒಟ್ಟಿಗೆ ನೀರು ಹಾಕಿ ಗ್ರ್ಯಾನ್ಯುಲೇಟ್ ಮಾಡಿದ್ದು (ಪುಡಿಯನ್ನು ಸಣ್ಣ ಹರಳಾಗಿ ಕಟ್ಟಿದ್ದು). ಪಿಎಚ್ 6.8 ಫಾಸ್ಫೇಟ್ ಬಫರ್‌ನಲ್ಲಿ, ಪ್ಯಾಡಲ್ (ಕಲಕುವ ಅಲಗು) 100 ಆರ್‌ಪಿಎಂನಲ್ಲಿ ಹೊರಬಂದ ಔಷಧ: 1 ಗಂಟೆಗೆ 56%, 3 ಗಂಟೆಗೆ 88%. ಬೇಕಿರುವುದು 1 ಗಂಟೆಗೆ 20–40%, 3 ಗಂಟೆಗೆ 45–65%, 10 ಗಂಟೆಗೆ 85% ಮೇಲೆ. ಪಾಲಿಮರ್ ಬದಲಿಸಬೇಕೇ?

ಮಲೆನಾಡು_ಫಾರ್ಮುಲೇಷನ್: ಬದಲಿಸಬೇಡಿ, ಪ್ರಮಾಣ ಏರಿಸಿ. ಕೆ15ಎಂ (ಕೆ100ಎಂಗಿಂತ ಕಡಿಮೆ ಸ್ನಿಗ್ಧತೆಯ ದರ್ಜೆ) ದಾಟಿದ ಮೇಲೆ ಸ್ನಿಗ್ಧತೆ ಹೆಚ್ಚಿಸಿದರೂ ಬಿಡುಗಡೆ ಅಷ್ಟೇನೂ ನಿಧಾನವಾಗುವುದಿಲ್ಲ. ನೀರು ತಾಗಿದ ಕೂಡಲೇ ಮೇಲ್ಮೈಯ ಎಚ್‌ಪಿಎಂಸಿ ಕಣಗಳು ಉಬ್ಬಿ ಒಂದಕ್ಕೊಂದು ಅಂಟಿ ಜೆಲ್ ಪದರ ಕಟ್ಟಬೇಕು. 20%ನಲ್ಲಿ ಕಣಗಳ ನಡುವೆ ಸಂದು ಉಳಿಯುತ್ತದೆ. ಮೆಟ್‌ಫಾರ್ಮಿನ್ ನೀರಿನಲ್ಲಿ ಸಲೀಸಾಗಿ ಕರಗುವ ಔಷಧ, ಆ ಸಂದುಗಳಲ್ಲೇ ಹೊರಟುಬಿಡುತ್ತದೆ. ಲ್ಯಾಕ್ಟೋಸ್ ಕೂಡ ಕರಗಿ ಇನ್ನಷ್ಟು ರಂಧ್ರ ಬಿಡುತ್ತದೆ.

ಹೀಗೆ ನೋಡಿ, 900 ಮಿ.ಗ್ರಾಂ ಮಾತ್ರೆಗೆ: ಮೆಟ್‌ಫಾರ್ಮಿನ್ 500, ಎಚ್‌ಪಿಎಂಸಿ ಕೆ100ಎಂ ಸಿಆರ್ (ನುಣ್ಣನೆಯ ಪುಡಿಯ ದರ್ಜೆ) 300, ಎಂಸಿಸಿ (ನೀರಲ್ಲಿ ಕರಗದ ಸೆಲ್ಯುಲೋಸ್ ಪುಡಿ) 62, ಪಿವಿಪಿ 25, ಏರೋಸಿಲ್ 4, ಸ್ಟಿಯರೇಟ್ 9. ಮಾತ್ರೆ ದೊಡ್ಡದಾಗುತ್ತದೆ, ಈ ಔಷಧಕ್ಕೆ ಅದು ತಪ್ಪಿದ್ದಲ್ಲ. ಉದ್ದನೆಯ ಮಾತ್ರೆ ಒತ್ತುವ ಪಂಚ್ (ಅಚ್ಚು) ಬಳಸಿ. ಸಿಆರ್ ದರ್ಜೆಯನ್ನೇ ತರಿಸಿ, ಅದರ ಪುಡಿಯಲ್ಲಿ 90%ಗಿಂತ ಹೆಚ್ಚು 100 ಮೆಶ್ ಜರಡಿ ದಾಟುತ್ತದೆ. ಪುಡಿ ದಪ್ಪವಾಗಿದ್ದರೆ ಜೆಲ್ ಕಟ್ಟುವಷ್ಟರಲ್ಲಿ ನೀರು ಒಳಹೊಕ್ಕು ಮಾತ್ರೆಯೇ ಬಿರಿಯಬಹುದು.

ಗ್ರ್ಯಾನ್ಯುಲ್_ಚಿಕ್ಕಮಗಳೂರು: ವಿಧಾನದಲ್ಲೂ ತೊಂದರೆಯಿದೆ. ಎಚ್‌ಪಿಎಂಸಿಗೆ ನೇರ ನೀರು ಹಾಕಿದರೆ ಅದು ಗಂಟುಗಟ್ಟುತ್ತದೆ. ಒಣಗಿದ ಗಂಟು ಆಮೇಲೆ ಬೇಗ ನೀರು ಹೀರುವುದಿಲ್ಲ. ಮೆಟ್‌ಫಾರ್ಮಿನ್ ಮತ್ತು ಎಂಸಿಸಿಯನ್ನು ಪಿವಿಪಿ ದ್ರಾವಣದಲ್ಲಿ ಗ್ರ್ಯಾನ್ಯುಲೇಟ್ ಮಾಡಿ, ತೇವಾಂಶ 2%ಗಿಂತ ಕೆಳಗಿಳಿಯುವವರೆಗೆ ಒಣಗಿಸಿ, 20 ಮೆಶ್‌ನಲ್ಲಿ ಹಾಯಿಸಿ. ಎಚ್‌ಪಿಎಂಸಿ ಮತ್ತು ಏರೋಸಿಲ್ ಆಮೇಲೆ ಸೇರಿಸಿ 10–15 ನಿಮಿಷ ಬೆರೆಸಿ. ಸ್ಟಿಯರೇಟ್ ಕಟ್ಟಕಡೆಗೆ, 3 ನಿಮಿಷ ಸಾಕು. ನಮ್ಮ ಕಡೆ ಜೂನ್‌ನಿಂದ ಗಾಳಿಯೇ ತೇವ. ಗ್ರ್ಯಾನ್ಯುಲ್ ತೆರೆದಿಟ್ಟರೆ ಪಂಚ್‌ಗೆ ಮೆತ್ತಿಕೊಳ್ಳುತ್ತದೆ, ಒಣಗಿಸಿದ ಕೂಡಲೇ ಚೀಲದ ಬಾಯಿ ಕಟ್ಟಿ.

ಹಾಸನ_ಎಂಫಾರ್ಮ್: ಧನ್ಯವಾದ ಸರ್. ಔಷಧ ಯಾವ ರೀತಿ ಹೊರಬರುತ್ತಿದೆ ಎಂದು ತಿಳಿಸುವ ಕಾರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣಕ್ಕೆ 10 ಗಂಟೆಯ ಎಲ್ಲ ಅಂಕಿಗಳನ್ನೂ ಹಾಕಬಹುದೇ?

ಮಲೆನಾಡು_ಫಾರ್ಮುಲೇಷನ್: ಬೇಡ, ಮೊದಲ 60% ಬಿಡುಗಡೆಯವರೆಗಿನವು ಮಾತ್ರ. ಹಾಗಾಗಿ ಆರಂಭದಲ್ಲೇ ಅರ್ಧ ಗಂಟೆಗೊಮ್ಮೆ ಸ್ಯಾಂಪಲ್ ತೆಗೆಯಿರಿ. ಸಿಲಿಂಡರ್ ಆಕಾರಕ್ಕೆ ಸಮೀಕರಣದ ಘಾತ ಎನ್ ಬೆಲೆ 0.45 ಬಂದರೆ ವಿಸರಣೆ, 0.89 ಬಂದರೆ ಪಾಲಿಮರ್ ಉಬ್ಬಿ ಸಡಿಲಗೊಳ್ಳುವುದೇ ಮುಖ್ಯ, ನಡುವೆ ಇದ್ದರೆ ಎರಡೂ. ಇನ್ನೊಂದು: ಉಬ್ಬಿದ ಮಾತ್ರೆ ಪಾತ್ರೆಯ ತಳಕ್ಕೆ ಅಂಟಿದರೆ ಆ ಬದಿಯಿಂದ ಔಷಧ ಸರಿಯಾಗಿ ಬರುವುದಿಲ್ಲ, ಬಿಡುಗಡೆ ಸುಳ್ಳೇ ಕಡಿಮೆ ಕಾಣುತ್ತದೆ. ಸಿಂಕರ್ (ಮಾತ್ರೆ ಹಿಡಿದಿಡುವ ತಂತಿ ಸುರುಳಿ) ಹಾಕಿ ಆರು ಮಾತ್ರೆಗಳನ್ನೂ ನೋಡಿ.